ಮೀನಿನ ಟೆಂಪೋ ಹೊರಟ ಮೇಲೆ ಓದಿದ ಬಿ.ಕಾಂ.

ಕಳೆದ ತಿಂಗಳು ನನ್ನ ತಾತ್ಕಾಲಿಕ ಪದವಿ ಪ್ರಮಾಣಪತ್ರ ಕೈಗೆ ಬಂತು. ಪಿಯುಸಿ ಮುಗಿಸಿದ್ದು 2004ರಲ್ಲಿ, ದೂರಶಿಕ್ಷಣದ ಬಿ.ಕಾಂ.ಗೆ ಹೆಸರು ಹಚ್ಚಿದ್ದು 2022ರಲ್ಲಿ, ಕೊನೆಯ ಪರೀಕ್ಷೆ ಬರೆದದ್ದು 2025ರಲ್ಲಿ. ನಾನು ಕುಮಟಾದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಗುಮಾಸ್ತೆ. ಅಲ್ಲಿಗೆ ಬಂದದ್ದು ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯದ ಹಣ, ಸಂಗ್ರಹಿಸುವವಳಾಗಿ. ಸಂಜೆ ಹೊತ್ತು ಪೇಟೆಯ ಅಂಗಡಿಯಿಂದ ಅಂಗಡಿಗೆ ತಿರುಗಿ, ಮೀನು ಮಾರುವ ಹೆಂಗಸರು ಸೆರಗಿನಿಂದ ಬಿಚ್ಚಿ ಕೊಡುವ ಒದ್ದೆ ನೋಟುಗಳನ್ನು ಎಣಿಸಿಕೊಳ್ಳುವ ಕೆಲಸದಿಂದ ಮೇಜಿನ ಹಿಂದಿನ ಕುರ್ಚಿಗೆ ಬರಲು ಏಳು ವರ್ಷ ಹಿಡಿಯಿತು. ಅಲ್ಲಿಂದ ಮುಂದೆ ಲೆಕ್ಕಿಗರ ಹುದ್ದೆಗೆ ಹೋಗಬೇಕಾದರೆ ಪದವಿ ಬೇಕೆಂಬುದು ನಮ್ಮ ಸಂಘದ ನಿಯಮ. ನನಗಿಂತ ಕಿರಿಯರಿಬ್ಬರು ನಾನೇ ಕೆಲಸ ಕಲಿಸಿದ ಮೇಲೆ ನನ್ನನ್ನು ದಾಟಿ ಹೋದಾಗ, ಓದಬೇಕೆಂಬ ಆಸೆಗಿಂತ ಹೆಚ್ಚಾಗಿ ಸಿಟ್ಟಿನಲ್ಲಿಯೇ ಅರ್ಜಿ ಹಾಕಿದೆ ಎಂದು ಹೇಳುವುದು ಪ್ರಾಮಾಣಿಕವಾದ ಮಾತು.

ಈ ಮೂರು ವರ್ಷಗಳಲ್ಲಿ ನಾನು ಪಟ್ಟ ತೊಂದರೆಗಳಲ್ಲಿ ಅರ್ಧದಷ್ಟು ಮೊದಲೇ ಯಾರಾದರೂ ಹೇಳಿದ್ದರೆ ತಪ್ಪುತ್ತಿದ್ದವು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ಮೊದಲು ಎದುರಾದದ್ದು ಎಲ್ಲಿ ಸೇರಬೇಕೆಂಬ ಪ್ರಶ್ನೆ. ನನ್ನ ಸೋದರಮಾವ ಎಪ್ಪತ್ತರ ದಶಕದಲ್ಲಿ ‘ಅಂಚೆ ತೆರಪಿನ ಶಿಕ್ಷಣ’ದಲ್ಲಿ ಬಿ.ಎ. ಮಾಡಿದವರು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಆರಂಭಿಸಿದ ಆ ವ್ಯವಸ್ಥೆಯೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1985ರಿಂದ ಇದೆ. ಇವಲ್ಲದೆ ಹಲವು ವಿಶ್ವವಿದ್ಯಾಲಯಗಳಿಗೆ ತಮ್ಮವೇ ಆದ ದೂರಶಿಕ್ಷಣ ವಿಭಾಗಗಳಿವೆ. ನಾನು ಕೊನೆಗೆ ಸೇರಿದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನಗಾದ ತೊಡಕು ಅಲ್ಲಿನ ಎಲ್ಲರಿಗೂ ಆಗುತ್ತದೆಂದು ಯಾರೂ ತಿಳಿಯಬಾರದು.

ಪೇಟೆಯಲ್ಲಿ ಒಬ್ಬ ಮಧ್ಯವರ್ತಿ ಸಿಕ್ಕಿದ್ದ. ತರಗತಿ ಬೇಡ, ಅಸೈನ್‌ಮೆಂಟ್ ಬೇಡ, ಒಂದೇ ವರ್ಷದಲ್ಲಿ ಹೊರರಾಜ್ಯದ ಪದವಿ ತರಿಸಿಕೊಡುತ್ತೇನೆ, ಐವತ್ತು ಸಾವಿರ ಆಗುತ್ತದೆ ಎಂದ. ಆಸೆ ಆಗಲಿಲ್ಲವೆಂದರೆ ಸುಳ್ಳಾದೀತು. ಎರಡು ರಾತ್ರಿ ಯೋಚಿಸಿ ಬೇಡವೆಂದೆ. ಮೂರು ವರ್ಷದ ಪದವಿಯನ್ನು ಒಂದೇ ವರ್ಷದಲ್ಲಿ ಕೊಡುವುದಕ್ಕೆ ಯಾವ ನಿಯಮದಲ್ಲಿಯೂ ಅವಕಾಶವಿಲ್ಲ, ಹೊರಗಿನವರಿಗೆ ಕೇಂದ್ರ ನಡೆಸಲು ಗುತ್ತಿಗೆ ಕೊಡುವುದನ್ನೂ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ನಿಷೇಧಿಸಿದೆ. ಆಯೋಗದ ದೂರ ಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ಯಾವ ಸಂಸ್ಥೆಗೆ, ಯಾವ ಕೋರ್ಸಿಗೆ, ಯಾವ ಶೈಕ್ಷಣಿಕ ವರ್ಷಕ್ಕೆ ಮಾನ್ಯತೆ ಇದೆ ಎಂಬ ಪಟ್ಟಿ ಇರುತ್ತದೆ. ಸಂಸ್ಥೆಗೆ ಮಾನ್ಯತೆ ಇದ್ದರೆ ಸಾಲದು. ನಿಮ್ಮ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಇರಬೇಕು. ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಿ. ನಮ್ಮ ಆಡಳಿತ ಮಂಡಳಿಯ ಒಬ್ಬ ಸದಸ್ಯರು ‘ದೂರಶಿಕ್ಷಣದ ಡಿಗ್ರಿ ನಡೆಯುತ್ತದೆಯೇ?’ ಎಂದು ಕೇಳಿದಾಗ ಉತ್ತರಿಸಲು ನನಗೆ ನೆರವಾದದ್ದು ಆ ಹಾಳೆ ಮತ್ತು 2022ರ ಸೆಪ್ಟೆಂಬರಿನಲ್ಲಿ ಯುಜಿಸಿ ಹೊರಡಿಸಿದ ಸ್ಪಷ್ಟೀಕರಣ. ಮಾನ್ಯತೆ ಪಡೆದ ಸಂಸ್ಥೆಯಿಂದ ಮುಕ್ತ ಅಥವಾ ದೂರ ಶಿಕ್ಷಣದಲ್ಲಿ ಪಡೆದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ.

ಕೆಲಸದಲ್ಲಿರುವವರು ಸೇರುವ ಮೊದಲೇ ಮೇಲಿನವರಿಂದ ಲಿಖಿತ ಅನುಮತಿ ಪಡೆಯಬೇಕು. ನಮ್ಮ ಮ್ಯಾನೇಜರ್ ‘ಓದಮ್ಮ, ಒಳ್ಳೆಯದೇ’ ಎಂದು ಬಾಯಲ್ಲಿ ಹೇಳಿದ್ದನ್ನೇ ನಂಬಿ ನಾನು ಶುಲ್ಕ ಕಟ್ಟಲು ಹೊರಟಿದ್ದೆ. ನಮ್ಮಲ್ಲಿ ನಿವೃತ್ತರಾದ ಹಳೆಯ ಕಾರ್ಯದರ್ಶಿಯವರು ತಡೆದು, ಒಂದು ಅರ್ಜಿ ಬರೆಸಿ, ಅದರ ಪ್ರತಿಯ ಮೇಲೆ ಮೊಹರು ಹಾಕಿಸಿಕೊಟ್ಟರು. ಎರಡನೆಯ ವರ್ಷ ಮ್ಯಾನೇಜರ್ ಬದಲಾದಾಗ ಪರೀಕ್ಷೆಯ ರಜೆಗೆ ಆಧಾರವಾದದ್ದು ಆ ಮೊಹರು.

ಇನ್ನು ದಾಖಲೆಗಳ ಮಾತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಭಾವಚಿತ್ರ: ಪಟ್ಟಿ ನೋಡಿದರೆ ಒಂದು ಮಧ್ಯಾಹ್ನದ ಕೆಲಸ. ನನಗೆ ಹಿಡಿದದ್ದು ಏಳು ವಾರ. ವರ್ಗಾವಣೆ ಪತ್ರದ ಮೂಲಪ್ರತಿಯನ್ನು ನಾನು ಹದಿನೆಂಟು ವರ್ಷಗಳ ಹಿಂದೆ ಕಾಲೇಜಿನಿಂದ ತಂದೇ ಇರಲಿಲ್ಲ. ಅಲ್ಲಿಗೆ ಹೋದರೆ, ತೆಗೆದುಕೊಂಡು ಹೋಗಿದ್ದೀರಿ ಎಂದು ರಿಜಿಸ್ಟರ್ ಹೇಳುತ್ತದೆ ಎಂದರು. ಸಹಿ ನನ್ನದಲ್ಲ, ಬಹುಶಃ ತೀರಿಹೋದ ನನ್ನ ಅಪ್ಪನದು. ಮನೆಯ ಅಟ್ಟದ ಟ್ರಂಕಿನಲ್ಲಿ ಹುಡುಕಿದರೆ ಗೆದ್ದಲು ತಿಂದ ಅರ್ಧ ಹಾಳೆ ಸಿಕ್ಕಿತು. ಆ ಅರ್ಧ ಹಾಳೆಯನ್ನೂ ನೋಟರಿ ಮಾಡಿಸಿದ ಅಫಿಡವಿಟ್ಟನ್ನೂ ಕೊಟ್ಟ ಮೇಲೆ ನಕಲು ಪ್ರತಿ ಬಂತು.

ಅದಕ್ಕಿಂತ ದೊಡ್ಡ ತೊಡಕು ನನ್ನ ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾನು ‘ನಾಯ್ಕ’; ಮದುವೆಯಾದ ಮೇಲೆ ಶಿಬಿರವೊಂದರಲ್ಲಿ ಮಾಡಿಸಿದ ಆಧಾರ್ ಕಾರ್ಡಿನಲ್ಲಿ ‘ನಾಯಕ’. ಇಂಗ್ಲಿಷಿನಲ್ಲಿ ಒಂದು ನಾಲ್ಕಕ್ಷರ, ಇನ್ನೊಂದು ಐದಕ್ಷರ. ಬೇರೆ ಕಡೆಯವರಿಗೆ ಇದು ಕೈತಪ್ಪು. ನಮ್ಮ ಜಿಲ್ಲೆಯ ಕರಾವಳಿಯಲ್ಲಿ ನಾಯ್ಕರೇ ಬೇರೆ, ನಾಯಕರೇ ಬೇರೆ. ಒಂದು ಅರ್ಧಾಕ್ಷರ ಪೂರ್ಣವಾದರೆ ಜಾತಿ ಪ್ರಮಾಣಪತ್ರಕ್ಕೂ ಆಧಾರಿಗೂ ಸಂಬಂಧವೇ ಇಲ್ಲದಂತಾಗುತ್ತದೆ. ಅರ್ಜಿ ತಿರಸ್ಕೃತವಾಯಿತು. ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ತಿದ್ದಲು ಅವಕಾಶವಿದೆ, ಆದ್ದರಿಂದ ಅವಸರದಲ್ಲಿ ತಿದ್ದಿಸಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ, ಇನಿಷಿಯಲ್ ಎಲ್ಲಿದೆಯೋ ಅಲ್ಲಿಯೇ ಇರುವಂತೆ ಆಧಾರ್ ಕೇಂದ್ರದ ಪರದೆಯ ಮೇಲೆ ಅಕ್ಷರಕ್ಷರ ಓದಿ ನೋಡಿ, ಆಮೇಲೆ ಒಪ್ಪಿಗೆ ಕೊಡಿ. ಆಗ ನಾನು ಕಟ್ಟಿದ್ದು 50 ರೂಪಾಯಿ. ಆಧಾರ್ ಸರಿಯಾದ ಮೇಲೆ ಪಾನ್ ಕಾರ್ಡು, ಬ್ಯಾಂಕ್ ಖಾತೆ, ಸಂಘದ ಭವಿಷ್ಯನಿಧಿ ಎಲ್ಲವೂ ತಪ್ಪಾದವು. ಅವನ್ನು ತಿದ್ದಿಸಿದ್ದು ಬೇರೆಯೇ ಕಥೆ.

ನಾನು ಸೇರಿದ ಕಾಲಕ್ಕೆ ಇಷ್ಟು ಸಾಕಾಗಿತ್ತು. 2024ರ ಪ್ರವೇಶದಿಂದ ದೂರಶಿಕ್ಷಣಕ್ಕೆ ಹೊಸದಾಗಿ ಸೇರುವವರು ದೂರ ಶಿಕ್ಷಣ ಬ್ಯೂರೋದಲ್ಲಿ ಹೆಸರು ನೋಂದಾಯಿಸಿ ‘ಡೆಬ್ ಐಡಿ’ ಮಾಡಿಸಿಕೊಳ್ಳಬೇಕು. ಅದಕ್ಕೆ, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ದಾಖಲಿಸಿಡುವ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ 12 ಅಂಕಿಗಳ ಎಬಿಸಿ ಸಂಖ್ಯೆ ಬೇಕು, ಎಬಿಸಿ ಸಂಖ್ಯೆಗೆ ಡಿಜಿಲಾಕರ್ ಬೇಕು, ಡಿಜಿಲಾಕರಿಗೆ ಆಧಾರ್ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ಬೇಕು. ಈ ಸರಪಳಿಯ ಮೊದಲ ಕೊಂಡಿಯಲ್ಲಿ ಹೆಸರು ತಪ್ಪಿದ್ದರೆ ಕೊನೆಯವರೆಗೂ ತಪ್ಪೇ ಹರಿದುಬರುತ್ತದೆ. ಪ್ರವೇಶದ ಪ್ರಕಟಣೆಗೆ ಕಾಯದೆ ಎರಡು ತಿಂಗಳು ಮೊದಲೇ ಆಧಾರ್ ನೋಡಿಕೊಳ್ಳಿ.

ಶುಲ್ಕ ಕಟ್ಟಿದ ದಿನ ಮಳೆ ಜೋರಾಗಿತ್ತು. ಹಣ ಖಾತೆಯಿಂದ ಹೋಯಿತು, ರಸೀದಿ ಬರಲಿಲ್ಲ, ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಗಾಬರಿಯಲ್ಲಿ ಇನ್ನೊಮ್ಮೆ ಕಟ್ಟಿದೆ, ಅದೂ ಹೋಯಿತು. ಒಂದು ಕಂತು ಒಂಬತ್ತು ದಿನಗಳ ಮೇಲೆ ಮರಳಿತು. ಹಣಕಾಸಿನ ಸಂಸ್ಥೆಯಲ್ಲಿಯೇ ಕೆಲಸ ಮಾಡುವವಳು ಹೀಗೆ ಮಾಡಿದ್ದಕ್ಕೆ ನನಗೇ ನಾಚಿಕೆ. ವಹಿವಾಟಿನ ಸಂಖ್ಯೆಯನ್ನು ಬರೆದಿಟ್ಟು ಮಾರನೆಯ ದಿನದವರೆಗೆ ಸುಮ್ಮನೆ ಕೂರುವುದೇ ಸರಿಯಾದ ಕ್ರಮ.

ಎಲ್ಲರೂ ಕೇಳುವುದು ಸಮಯ ಎಲ್ಲಿಂದ ಸಿಕ್ಕಿತೆಂದು. ಸಮಯ ಸಿಗಲಿಲ್ಲ, ಮನೆಯವರಿಂದ ತೆಗೆದುಕೊಂಡೆ. ನಮ್ಮ ಯಜಮಾನರು ತದಡಿ ಬಂದರಿನಿಂದ ಮೀನು ಸಾಗಿಸುವ ಟೆಂಪೋ ಓಡಿಸುತ್ತಾರೆ. ಬೆಳಗಿನ ಜಾವ ಮೂರೂವರೆಗೆ ಅವರು ಹೊರಡಬೇಕು, ನಾನು ಎದ್ದು ಚಾ ಮಾಡಿಕೊಡಬೇಕು. ಮೊದಲೆಲ್ಲ ಅವರು ಹೋದ ಮೇಲೆ ಮತ್ತೆ ಮಲಗುತ್ತಿದ್ದೆ. ಆ ನಿದ್ದೆಯನ್ನೇ ಓದಿಗೆ ಬಳಸಿದೆ. ಟೆಂಪೋದ ಸದ್ದು ತಿರುವಿನಲ್ಲಿ ಅಡಗಿದ ಮೇಲೆ ಅಡುಗೆಮನೆಯ ಮೆಟ್ಟಿಲ ಮೇಲೆ ಪುಸ್ತಕ ತೆರೆದರೆ ಐದೂವರೆಯವರೆಗೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಸಂಜೆ ಓದುವ ಪ್ರಯತ್ನವನ್ನು ನಾನು ಎರಡೇ ತಿಂಗಳಲ್ಲಿ ಬಿಟ್ಟೆ. ದಿನವಿಡೀ ಅಂಕಿ ನೋಡಿದ ಕಣ್ಣಿಗೆ ರಾತ್ರಿ ಒಂಬತ್ತಕ್ಕೆ ಮತ್ತೆ ಅಂಕಿ ಹಿಡಿಯುವುದಿಲ್ಲ.

ಇದರಲ್ಲಿಯೂ ಒಂದು ತಿರುವಿತ್ತು. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಯಜಮಾನರಿಗೆ ಹೆಚ್ಚು ಕೆಲಸವಿರುವುದಿಲ್ಲ. ಪರೀಕ್ಷೆಯೂ ಅದೇ ಸುಮಾರಿಗೆ ಬರುವುದರಿಂದ ಅವರು ಮನೆ ನೋಡಿಕೊಳ್ಳುತ್ತಾರೆ, ನಾನು ನಿಶ್ಚಿಂತೆಯಿಂದ ಓದಬಹುದು ಎಂದುಕೊಂಡಿದ್ದೆ. ಆದದ್ದೇ ಬೇರೆ. ಟೆಂಪೋ ಹೊರಡದಿದ್ದರೆ ನನಗೂ ಎಚ್ಚರವಾಗುತ್ತಿರಲಿಲ್ಲ. ಅಲಾರಾಂ ಇಟ್ಟರೆ ಮನೆಯೆಲ್ಲ ಎದ್ದು ಕೂರುತ್ತಿತ್ತು. ಇನ್ನು ಆ ಎರಡು ತಿಂಗಳು ಸಂಪಾದನೆ ಇಲ್ಲದ ಕಾಲ. ಅದೇ ಹೊತ್ತಿಗೆ ಪರೀಕ್ಷಾ ಶುಲ್ಕದ ಗಡುವು. ಎರಡನೆಯ ವರ್ಷದಿಂದ ನಾನು ನನ್ನದೇ ಹೆಸರಿನಲ್ಲಿ ದಿನಕ್ಕೆ 30 ರೂಪಾಯಿ ಪಿಗ್ಮಿ ಕಟ್ಟತೊಡಗಿದೆ. ಶುಲ್ಕ ಬಂದದ್ದು ಅದರಿಂದಲೇ.

ಅತ್ತೆಯ ವಿಷಯ ಹೇಳದಿದ್ದರೆ ತಪ್ಪಾದೀತು. ‘ಈಗ ಓದಿ ಯಾರಿಗೆ ತೋರ್ಸುದು?’ ಎಂದು ಮೊದಲ ವರ್ಷ ದಿನವೂ ಕೇಳುತ್ತಿದ್ದರು. ಉತ್ತರ ಕೊಡುವ ಗೋಜಿಗೆ ನಾನು ಹೋಗಲಿಲ್ಲ. ಒಂದು ಭಾನುವಾರ ಕಾರವಾರದಲ್ಲಿ ಸಂಪರ್ಕ ತರಗತಿ, ಅಂದರೆ ದೂರಶಿಕ್ಷಣದವರಿಗೆ ನಡೆಸುವ ನೇರ ಪಾಠ, ಮುಗಿಸಿ ರಾತ್ರಿ ಎಂಟಕ್ಕೆ ಮನೆಗೆ ಬಂದು, ಬುಟ್ಟಿಯಲ್ಲಿದ್ದ ತಾರ್ಲೆ ಕೊಯ್ಯಲು ಕೂತರೆ, ಅವರು ನನ್ನ ಕೈಯಿಂದ ಕತ್ತಿ ಕಸಿದು ‘ನೀ ಪುಸ್ತಕ ಹಿಡ್ಕ, ಮೀನು ನಾ ಕೊಯ್ತೆ’ ಎಂದರು. ಅವರ ಬಲಗೈ ಹೆಬ್ಬೆರಳು ವಾತದಿಂದ ಮಡಚುವುದಿಲ್ಲ. ಆ ದಿನದಿಂದ ಮೂರನೆಯ ವರ್ಷದ ಕೊನೆಯವರೆಗೆ ನಮ್ಮ ಮನೆಯ ಮೀನು ಕೊಯ್ದವರು ಅವರೇ.

ಪುಸ್ತಕಗಳು ಅಂಚೆಯಲ್ಲಿ ಬಂದಾಗ ತರಗತಿಗಳು ಆರಂಭವಾಗಿ ಎರಡು ತಿಂಗಳಾಗಿತ್ತು. ಆರರಲ್ಲಿ ಒಂದು ಬರಲೇ ಇಲ್ಲ. ಹಿಂದಿನ ತಂಡದವರಿಂದ ಹಳೆಯ ಪ್ರತಿ ತಂದೆ. ಪಠ್ಯಕ್ರಮ ಬದಲಾಗಿದೆಯೇ ಎಂದು ಘಟಕಗಳ ಹೆಸರು ಹೋಲಿಸಿ ನೋಡಿದ್ದರಿಂದ ಬಚಾವಾದೆ, ಎರಡು ಘಟಕ ಹೊಸವಾಗಿದ್ದವು. ಸಂಪರ್ಕ ತರಗತಿಗೆ ಮೊದಲ ಭಾನುವಾರ ನಲವತ್ತು ಜನ ಇದ್ದೆವು, ನಾಲ್ಕನೆಯದಕ್ಕೆ ಹನ್ನೊಂದು. ತರಗತಿ ತಪ್ಪಿದರೂ ನಡೆಯುತ್ತದೆ, ಆದರೆ ಆ ಹನ್ನೊಂದು ಜನರ ಗುಂಪಿನಿಂದಲೇ ಗಡುವುಗಳ ಸುದ್ದಿ ಗೊತ್ತಾಗುತ್ತಿದ್ದುದು. ಓದಿಗಿಂತ ಆ ಕಾರಣಕ್ಕಾಗಿಯಾದರೂ ಹೋಗಿ.

ಕರಾವಳಿಯವರಿಗೆ ಮಾತ್ರ ಹೇಳಬೇಕಾದ ಒಂದು ವಿಷಯವಿದೆ. ಅಸೈನ್‌ಮೆಂಟನ್ನು ಕೈಬರಹದಲ್ಲಿಯೇ ಬರೆಯಬೇಕು. ಮಳೆಗಾಲದಲ್ಲಿ ನಮ್ಮ ಮನೆಗಳ ಕಾಗದ ಅಪ್ಪಳದ ಹಸಿ ಹಿಟ್ಟಿನಂತೆ ಮೆತ್ತಗಿರುತ್ತದೆ. ಜೆಲ್ ಪೆನ್ನಿನ ಶಾಯಿ ಒಂದು ಬದಿಯಿಂದ ಇನ್ನೊಂದು ಬದಿಗೆ ಇಳಿಯುತ್ತದೆ. ಮೊದಲ ವರ್ಷ ನಾನು ಬರೆದ ಇಪ್ಪತ್ತೆರಡು ಹಾಳೆಗಳಲ್ಲಿ ಜಮೆಯ ಅಂಕಿ ಹಿಂಬದಿಯ ಖರ್ಚಿನೊಂದಿಗೆ ಬೆರೆತುಹೋಗಿತ್ತು. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ ಹಾಳೆಗಳನ್ನು ಒಣಗಿಸಲು ಹೋದರೆ ಅಂಚುಗಳು ಸುರುಳಿಯಾಗಿ ಹೊಗೆಯ ವಾಸನೆ ಹಿಡಿದವು. ಹಾಗೆಯೇ ಒಪ್ಪಿಸಿದೆ. ಮುಂದಿನ ವರ್ಷದಿಂದ ಬಾಲ್ ಪೆನ್ನು, ಒಂದೇ ಬದಿಯ ಬರವಣಿಗೆ. ಬರೆದ ಹಾಳೆಗಳನ್ನು ಅಕ್ಕಿ ಡಬ್ಬಿಯಲ್ಲಿ ಅಕ್ಕಿಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿಡುತ್ತಿದ್ದೆ. ಪುಸ್ತಕಗಳಿಗೆ ಬೂಸ್ಟು ಬರದಂತೆ ತಡೆಯಲು ಮಾತ್ರ ನನ್ನಿಂದ ಆಗಲಿಲ್ಲ.

ಓದಿನ ಬಗ್ಗೆ ಒಂದು ಸಂತೋಷದ ಸಂಗತಿ ಹೇಳಲೇಬೇಕು. ಸಂಘದಲ್ಲಿ ಪ್ರತಿ ತಿಂಗಳು ಬ್ಯಾಂಕ್ ಹೊಂದಾಣಿಕೆ ಪಟ್ಟಿಯನ್ನು, ಅಂದರೆ ನಮ್ಮ ಪುಸ್ತಕವನ್ನೂ ಬ್ಯಾಂಕಿನ ಲೆಕ್ಕವನ್ನೂ ತಾಳೆ ನೋಡುವ ಪಟ್ಟಿಯನ್ನು, ನಾನೇ ಮಾಡುತ್ತಿದ್ದೆ. ಹಿಂದಿನ ಲೆಕ್ಕಿಗರು ಬಿಟ್ಟುಹೋದ ಎಕ್ಸೆಲ್ ಹಾಳೆಯಲ್ಲಿ ಹಳದಿ ಬಣ್ಣದ ಖಾನೆಗಳನ್ನು ತುಂಬಿದರೆ ಕೆಳಗೆ ಸೊನ್ನೆ ಬರಬೇಕು. ಬರದಿದ್ದರೆ ಬರುವವರೆಗೆ ಹುಡುಕಬೇಕು. ಯಾಕೆ ಕೂಡಿಸುತ್ತೇವೆ, ಯಾಕೆ ಕಳೆಯುತ್ತೇವೆ ಎಂಬುದು ಆರು ವರ್ಷದಲ್ಲಿ ಒಮ್ಮೆಯೂ ನನಗೆ ತಿಳಿದಿರಲಿಲ್ಲ. ಒಂದು ಬೆಳಗಿನ ಜಾವ ಪುಸ್ತಕದ ಆ ಘಟಕ ಓದುವಾಗ, ನಮ್ಮ ಪುಸ್ತಕದಲ್ಲಿ ಬ್ಯಾಂಕು ನಮಗೆ ಹಣ ಕೊಡಬೇಕಾದದ್ದು, ಬ್ಯಾಂಕಿನ ಪುಸ್ತಕದಲ್ಲಿ ಅದೇ ಹಣ ನಮಗೆ ಸಲ್ಲಬೇಕಾದದ್ದು, ಆದ್ದರಿಂದಲೇ ನಮ್ಮ ಖರ್ಚು (ಡೆಬಿಟ್) ಅವರಿಗೆ ಜಮೆಯಾಗಿ (ಕ್ರೆಡಿಟ್) ಕಾಣುತ್ತದೆ ಎಂದು ಥಟ್ಟನೆ ಹೊಳೆಯಿತು. ಅದೇ ವಾರ ಹಳದಿ ಖಾನೆಗಳನ್ನು ಬಿಟ್ಟು ಕೈಯಲ್ಲಿ ಪಟ್ಟಿ ಮಾಡಿದೆ. ನಾವು ಕೊಟ್ಟು ಮೂರು ತಿಂಗಳ ಅವಧಿ ಮೀರಿದರೂ ನಗದಾಗದ ಎರಡು ಚೆಕ್ಕುಗಳು ‘ಬಾಕಿ’ ಎಂದು ತಿಂಗಳಿಂದ ತಿಂಗಳಿಗೆ ಮುಂದಕ್ಕೆ ಹೋಗುತ್ತಲೇ ಇದ್ದವು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಹೊಗಳಲಿಲ್ಲ, ಮುಂದಿನ ತಿಂಗಳಿಂದ ಹೂಡಿಕೆಗಳ ಕಡತವನ್ನೂ ನನ್ನ ಮೇಜಿಗೆ ಕಳುಹಿಸಿದರು.

ಮೊದಲ ವರ್ಷದ ಪರೀಕ್ಷೆ ನಡೆದದ್ದು 2023ರ ಜೂನ್‌ನಲ್ಲಿ, ಕಾರವಾರದಲ್ಲಿ. ಕುಮಟಾದಿಂದ ಸುಮಾರು 70 ಕಿಲೋಮೀಟರ್. ಹತ್ತು ಗಂಟೆಯ ಪರೀಕ್ಷೆಗೆ ಆರು ಗಂಟೆಯ ಬಸ್ಸು ಹಿಡಿಯಬೇಕು. ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. ಮೊದಲ ಎರಡು ಪತ್ರಿಕೆಗಳಿಗೆ ಟಿಕೆಟು ಕೊಂಡವಳು ಮೂರನೆಯದಕ್ಕೆ ಆಧಾರ್ ತೋರಿಸಿ ಪುಕ್ಕಟೆ ಹೋದೆ. ಖರ್ಚು ಉಳಿಯಿತು, ಆದರೆ ಆ ವಾರ ಬಸ್ಸಿನಲ್ಲಿ ಕೂತು ಓದುವುದಕ್ಕೆ ಸೀಟು ಸಿಗಲಿಲ್ಲ.

ಪರೀಕ್ಷೆಯಲ್ಲಿ ನನ್ನನ್ನು ಸೋಲಿಸಿದ್ದು ಕೈ. ಹದಿನೆಂಟು ವರ್ಷದಿಂದ ಸಹಿ ಮತ್ತು ಚೀಟಿಗಳ ಹೊರತು ಏನನ್ನೂ ಬರೆಯದ ಬೆರಳುಗಳು ಒಂದು ಗಂಟೆ ದಾಟುತ್ತಿದ್ದಂತೆ ನಡುಗತೊಡಗಿದವು. ಉತ್ತರ ಗೊತ್ತಿದ್ದೂ ಎರಡು ಪ್ರಶ್ನೆ ಬಿಟ್ಟು ಬಂದೆ. ಸಂಖ್ಯಾಶಾಸ್ತ್ರದಲ್ಲಿ ಮೂರು ಅಂಕ ಕಡಿಮೆ ಬಿದ್ದು ಫೇಲಾದೆ. ಮಗಳಿಗೆ ಮುಖ ತೋರಿಸಲು ನಾಚಿಕೆಯಾಯಿತು. ಎರಡನೆಯ ವರ್ಷದಿಂದ ದಿನಕ್ಕೆ ಎರಡು ಪುಟದಂತೆ ಬರೆಯುತ್ತಾ ಹೋದೆ, ಪಾಠವಲ್ಲದಿದ್ದರೆ ಮನೆಖರ್ಚಿನ ಲೆಕ್ಕವನ್ನಾದರೂ. ಗಡಿಯಾರ ಇಟ್ಟುಕೊಂಡು ಮೂರು ಗಂಟೆ ಬರೆಯುವ ಅಭ್ಯಾಸವನ್ನು ಪರೀಕ್ಷೆಗೆ ಒಂದು ತಿಂಗಳ ಮೊದಲೇ ಶುರುಮಾಡಿ. ಇನ್ನೊಂದು ಮಾತು: ಪ್ರಶ್ನೆಪತ್ರಿಕೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇದ್ದರೆ ಎರಡನ್ನೂ ಓದಿ. ಸವಕಳಿ, ತಾಳೆಪಟ್ಟಿ, ಅಢಾವೆ ಪತ್ರಿಕೆ ಇಂಥ ಪದಗಳು ಲೆಕ್ಕ ಓದುವವರಿಗೆಲ್ಲ ಗೊತ್ತು; ‘ಕೀರ್ತಿಮೌಲ್ಯ’ ಎಂದರೆ ಗುಡ್‌ವಿಲ್ ಎಂದು ಆ ಗಳಿಗೆಯಲ್ಲಿ ಹೊಳೆಯದೆ ನಾನು ಐದು ನಿಮಿಷ ಕಳೆದುಕೊಂಡೆ.

ಫಲಿತಾಂಶ ಬಂದಾಗ ಇನ್ನೊಂದು ಪೆಟ್ಟು. ಬರೆದು ಬಂದಿದ್ದ ಒಂದು ಪತ್ರಿಕೆಯ ಮುಂದೆ ‘ಗೈರು’ ಎಂದಿತ್ತು, ಒಂದು ಅಸೈನ್‌ಮೆಂಟಿನ ಅಂಕವೇ ಸೇರಿರಲಿಲ್ಲ. ದೂರವಾಣಿ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ, ಮಿಂಚಂಚೆಗೆ ಉತ್ತರವಿರಲಿಲ್ಲ. ಕೊನೆಗೆ ಮೇಲ್ವಿಚಾರಕರು ಸಹಿ ಮಾಡಿದ ಹಾಲ್ ಟಿಕೆಟಿನ ಪ್ರತಿ, ಅಸೈನ್‌ಮೆಂಟ್ ಒಪ್ಪಿಸಿದ ರಸೀದಿ ಎರಡನ್ನೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಐದು ತಿಂಗಳ ಮೇಲೆ ಸರಿಹೋಯಿತು. ಹಾಲ್ ಟಿಕೆಟನ್ನು ಕೊನೆಯ ಪರೀಕ್ಷೆ ಮುಗಿದ ದಿನವೇ ಎಸೆಯುವವರನ್ನು ನಾನು ಕಂಡಿದ್ದೇನೆ. ಪದವಿ ಕೈಗೆ ಬರುವವರೆಗೆ ಅದನ್ನು ಎಸೆಯಬಾರದು.

ಎರಡನೆಯ ವರ್ಷದ ಪರೀಕ್ಷೆ ಮುಂದೂಡಲ್ಪಟ್ಟು 2024ರ ಜುಲೈ ಕೊನೆಗೆ ಬಂತು. ಅಸೈನ್‌ಮೆಂಟುಗಳನ್ನು ಒಪ್ಪಿಸಲು ಗುರುವಾರ ಹೋಗುವುದೆಂದು ರಜೆ ಪಡೆದಿದ್ದೆ. ಮಂಗಳವಾರ, ಜುಲೈ 16ರ ಬೆಳಿಗ್ಗೆ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಗಂಗಾವಳಿ ನದಿಯವರೆಗೆ ಬಂದು ಬಿತ್ತು. ಬಸ್ಸಿನ ಕಿಟಕಿಯಿಂದ ನಾನು ಎಷ್ಟೋ ಸಲ ನೋಡಿದ್ದ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿನಡಿ ಹೋದವು. ನನ್ನ ಹಾಳೆಗಳ ಚಿಂತೆಯನ್ನು ಆ ದಿನ ಮನೆಯಲ್ಲಿ ಬಾಯಿಬಿಟ್ಟು ಹೇಳಲು ನನಗೆ ಮನಸ್ಸಾಗಲಿಲ್ಲ. ಆದರೂ ಗಡುವು ಗಡುವೇ. ಶನಿವಾರ ಕುಮಟಾದಿಂದ ಕೊಂಕಣ ರೈಲಿನಲ್ಲಿ ಹೋದೆ. ಬೋಗಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಗಂಗಾವಳಿಯ ಸೇತುವೆ ಬಂದಾಗ ಎಲ್ಲರೂ ಮಾತು ನಿಲ್ಲಿಸಿ ಕೆಂಪು ನೀರನ್ನು ನೋಡಿದರು. ಅಕ್ಕಿಯ ವಾಸನೆಯ ಹಾಳೆಗಳನ್ನು ಒಪ್ಪಿಸಿ, ರಸೀದಿ ಪಡೆದು ಬಂದ ಮರುದಿನ ಗಡುವು ಎರಡು ವಾರ ವಿಸ್ತರಣೆಯಾದ ಸುದ್ದಿ ಗುಂಪಿನಲ್ಲಿ ಬಂತು.

ಪರೀಕ್ಷೆಗೆ ದಿನವೂ ಓಡಾಡುವ ಧೈರ್ಯ ಸಾಲದೆ ಕಾರವಾರದ ಕೋಡಿಬಾಗದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಆಗಸ್ಟ್ 7ರಂದು, ನಡುರಾತ್ರಿ ದಾಟಿದ ಮೇಲೆ, ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಬೆಳಿಗ್ಗೆ ನಾನು ಹೊರಬಂದಾಗ ರಸ್ತೆಯ ತುಂಬ ಜನ. ನದಿಯಾಚೆ ಸದಾಶಿವಗಡದಿಂದ ಬರಬೇಕಿದ್ದ ನನ್ನ ಸಹಪಾಠಿ ಪರೀಕ್ಷೆ ಆರಂಭವಾಗಿ ಇಪ್ಪತ್ತು ನಿಮಿಷಕ್ಕೆ ಓಡಿಬಂದಳು. ಮೇಲ್ವಿಚಾರಕರು ಏನೂ ಕೇಳದೆ ಒಳಗೆ ಬಿಟ್ಟರು. ಆ ವರ್ಷ ನಾನು ಎಲ್ಲ ಪತ್ರಿಕೆಗಳಲ್ಲಿಯೂ ಪಾಸಾದೆ, ಹಳೆಯ ಸಂಖ್ಯಾಶಾಸ್ತ್ರವೂ ಸೇರಿ.

ಮೂರನೆಯ ವರ್ಷ ಮಗಳು ಎಸ್ಸೆಸ್ಸೆಲ್ಸಿ. ಅವಳ ಪರೀಕ್ಷೆ 2025ರ ಮಾರ್ಚ್ 21ರಿಂದ; ಸಂಘದಲ್ಲಿ ಮಾರ್ಚ್ 31ರ ವರ್ಷಾಂತ್ಯ, ಬೆಳೆಸಾಲದ ವಸೂಲಿ ಮತ್ತು ನವೀಕರಣ, ರಾತ್ರಿ ಒಂಬತ್ತರವರೆಗೆ ಕೆಲಸ. ಅದೇ ತಿಂಗಳು ನನ್ನ ಅಸೈನ್‌ಮೆಂಟು. ಒಂದು ರಾತ್ರಿ ಅವಳು ಗಣಿತದ ಲೆಕ್ಕವೊಂದನ್ನು ಹಿಡಿದು ನನ್ನ ಪಕ್ಕದಲ್ಲಿ ಹತ್ತು ನಿಮಿಷ ನಿಂತಿದ್ದಳಂತೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಮುಳುಗಿದ್ದ ನಾನು ತಲೆ ಎತ್ತಲಿಲ್ಲ. ‘ಅಮ್ಮ, ನಿನ್ನ ಪರೀಕ್ಷೆ ಮುಂದಿನ ವರ್ಷವೂ ಬರೀಬಹುದು, ನನ್ನದು ಹಾಗಲ್ಲ’ ಎಂದು ಅತ್ತಳು. ಆ ವರ್ಷ ಎಸ್ಸೆಸ್ಸೆಲ್ಸಿಗೂ ಮೂರು ಪರೀಕ್ಷೆ ಇದ್ದವೆಂದು ವಾದಿಸುವ ಹೊತ್ತಲ್ಲ ಅದು. ಎರಡು ವಾರ ಪುಸ್ತಕ ಮುಚ್ಚಿಟ್ಟೆ. ಅವಳಿಗೆ ಒಳ್ಳೆಯ ಅಂಕ ಬಂದವು. ನನ್ನ ಒಂದು ಅಸೈನ್‌ಮೆಂಟು ದಂಡಶುಲ್ಕ ಕಟ್ಟಿ ಒಪ್ಪಿಸಿದ್ದಾಯಿತು. ಮನೆಯಲ್ಲಿ ಹತ್ತನೆಯ ಅಥವಾ ಪಿಯುಸಿಯ ಮಕ್ಕಳಿದ್ದರೆ ಆ ವರ್ಷ ನಿಮ್ಮ ಕೊನೆಯ ವರ್ಷವಾಗದಂತೆ ಲೆಕ್ಕ ಹಾಕಿ ಸೇರಿ. ಮುಕ್ತ ವಿಶ್ವವಿದ್ಯಾಲಯಗಳು ಕೋರ್ಸು ಮುಗಿಸಲು ಕನಿಷ್ಠ ಅವಧಿಗಿಂತ ಹೆಚ್ಚು ವರ್ಷ ಕೊಡುತ್ತವೆ. ಆ ಸಲಿಗೆ ಇರುವುದು ಬಳಸುವುದಕ್ಕೇ.

ಖರ್ಚಿನ ಲೆಕ್ಕವನ್ನು ನಾನು ಬರೆದಿಟ್ಟಿದ್ದೇನೆ. ಮೂರು ವರ್ಷದ ಪ್ರವೇಶ, ಪರೀಕ್ಷೆ, ಮರುಪರೀಕ್ಷೆ, ದಂಡ ಎಲ್ಲ ಸೇರಿ 27,400 ರೂಪಾಯಿ. ದಾಖಲೆ, ನೋಟರಿ, ಜೆರಾಕ್ಸ್, ಅಂಚೆಗೆ 3,150. ಪ್ರಯಾಣ ಮತ್ತು ಊಟಕ್ಕೆ 4,800. ಸಂಬಳವಿಲ್ಲದ ರಜೆ ಹತ್ತೊಂಬತ್ತು ದಿನ, ಅದನ್ನು ಇದರಲ್ಲಿ ಸೇರಿಸಿಲ್ಲ. ಅತ್ತೆ ಕೊಯ್ದ ಮೀನನ್ನು ಯಾವ ಬಾಬ್ತಿನಲ್ಲಿ ಹಾಕಬೇಕೆಂದು ವೆಚ್ಚ ಲೆಕ್ಕಶಾಸ್ತ್ರದ ಪುಸ್ತಕ ಹೇಳುವುದಿಲ್ಲ.

ತಾತ್ಕಾಲಿಕ ಪ್ರಮಾಣಪತ್ರದಲ್ಲಿ ಹೆಸರು ಸರಿಯಾಗಿಯೇ ಇದೆ, ಅರ್ಧಾಕ್ಷರ ಅರ್ಧವಾಗಿಯೇ ಉಳಿದಿದೆ. ಮೂಲ ಪದವಿಪತ್ರಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ. ಹಾಕಿದ್ದೇನೆ, ಘಟಿಕೋತ್ಸವದ ನಂತರ ಬರುತ್ತದಂತೆ. ಬಂದ ಮೇಲೆ ಅದನ್ನು ಲ್ಯಾಮಿನೇಟ್ ಮಾಡಿಸಬೇಡಿ, ಮುಂದೆ ದೃಢೀಕರಣದ ಮೊಹರು ಬೇಕಾದಾಗ ತೊಂದರೆಯಾಗುತ್ತದೆ. ನನ್ನ ಬಡ್ತಿಯ ಅರ್ಜಿ ಆಡಳಿತ ಮಂಡಳಿಯ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿದೆ, ಹನ್ನೊಂದನೆಯ ವಿಷಯ. ಪುಸ್ತಕಗಳನ್ನು ನಮ್ಮಲ್ಲಿ ಈಗ ಪಿಗ್ಮಿಗೆ ತಿರುಗುವ ಹುಡುಗಿಗೆ ಕೊಟ್ಟೆ. ಬೂಸ್ಟು ಒರೆಸಿ, ಎರಡು ದಿನ ಬಿಸಿಲಿಗೆ ಹಾಕಿಯೇ ಕೊಟ್ಟಿದ್ದೇನೆ. ಅವಳ ಆಧಾರನ್ನೂ ಅಂಕಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದೂ ಆಯಿತು. ಅವಳ ಹುಟ್ಟಿದ ದಿನಾಂಕ ಎರಡರಲ್ಲಿಯೂ ಬೇರೆ ಬೇರೆ ಇದೆ. ಸೋಮವಾರ ರಜೆ ಹಾಕಿ ಅವಳನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು.